ಸೆರೆಯಂಗಡಿಯ ಬಾಕಿ

ಒಂದೇ ಊರಿನಲ್ಲಿ ಅರುವತ್ತು ವರುಷ ಬಾಳಿದವನು ಆ ಊರನ್ನು ಸಂಪೂರ್ಣವಾಗಿ ಬಲ್ಲನೆಂದು ನಾವು ನಂಬುತ್ತೇವೆ. ನಾನೂ ಹಾಗೆಯೇ ನಂಬಿಕೊಂಡಿದ್ದೆನು. ಮುಂಡಗೋಡದ ಪೇಟೆಯಲ್ಲಿ ಯಾರ ಅಂಗಡಿಯ ಬೆಲ್ಲ ಒಳ್ಳೆಯದು, ಯಾವ ಓಣಿಯ ಬಾವಿಯು ವೈಶಾಖದಲ್ಲಿಯೂ ಬತ್ತುವದಿಲ್ಲ, ಹುಬ್ಬಳ್ಳಿಯ ಬಸ್ಸು ಎಷ್ಟು ತಡವಾಗಿ ಬಂದರೆ ಶಿರಸಿಯ ಬಸ್ಸು ತಪ್ಪುವದು, ಇವನ್ನೆಲ್ಲ ನಾನು ಕಣ್ಣು ಮುಚ್ಚಿ ಹೇಳಬಲ್ಲೆನು. ಆದರೆ ನಮ್ಮ ಮನೆಯಿಂದ ಮುನ್ನೂರು ಹೆಜ್ಜೆಗಳಾಚೆಗೆ ಒಂದು ಬಾಗಿಲಿದೆ. ದಿನಕ್ಕೆರಡು ಸಲ ಅದರ ಮುಂದಿನಿಂದಲೇ ಹಾದುಹೋಗುತ್ತಿದ್ದರೂ ಅದರೊಳಗೆ ಏನಿದೆಯೆಂಬದು ಮೊನ್ನೆಮೊನ್ನೆಯ ವರೆಗೆ ನನಗೆ ತಿಳಿದಿರಲಿಲ್ಲ. ಅದು ಸೆರೆಯಂಗಡಿ.

ಈಗ ಅದರ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಾರ್ ಎಂದು ಬರೆದಿದ್ದಾರೆ. ರಾತ್ರಿಯಲ್ಲಿ ಆ ಅಕ್ಷರಗಳ ಸುತ್ತಲೂ ಕೆಂಪು ದೀಪಗಳು ಓಡಾಡುತ್ತವೆ. ಆದರೂ ಊರಿನ ಹಿರಿಯರ ಬಾಯಲ್ಲಿ ಅದು ಸೆರೆಯಂಗಡಿಯೇ. ನಮ್ಮ ಕಡೆಯ ಕನ್ನಡದಲ್ಲಿ ಮದ್ಯಕ್ಕೂ ಸೆರೆಯೆಂದೇ ಹೆಸರು, ಬಂಧನಕ್ಕೂ ಸೆರೆಯೆಂದೇ ಹೆಸರು. ಈ ಎರಡು ಶಬ್ದಗಳ ಮೂಲ ಬೇರೆಬೇರೆಯೆಂದು ಪಂಡಿತರು ಹೇಳಬಹುದು. ಆದರೆ ನಮ್ಮ ತಾಯಿಗೆ ಆ ಭೇದವು ಗೊತ್ತಿರಲಿಲ್ಲ. ಆಕೆಯು ನಮ್ಮಿಬ್ಬರನ್ನು ಕೈಹಿಡಿದುಕೊಂಡು ಪೇಟೆಗೆ ಹೋಗುವಾಗ ಆ ಬಾಗಿಲು ಬಂತೆಂದರೆ ಸಾಕು, ಎದುರಿನ ಬಳೆಗಾರನ ಅಂಗಡಿಯನ್ನು ತೋರಿಸಿ, “ಅಲ್ಲಿ ನೋಡಿರಿ, ಎಂಥ ಬಣ್ಣದ ಬಳೆಗಳು!” ಎನ್ನುತ್ತಿದ್ದಳು. ಹೀಗಾಗಿ ನನ್ನ ಬಾಲ್ಯದಲ್ಲಿ ಬಳೆಗಳನ್ನು ನಾನು ನೋಡಿದಷ್ಟು ಯಾವ ಹೆಣ್ಣುಮಗಳೂ ನೋಡಿರಲಿಕ್ಕಿಲ್ಲ. ಆ ಬಳೆಯಂಗಡಿಯು ಹೋಗಿ ಎಷ್ಟೋ ವರುಷಗಳಾದವು. ಆದರೆ ಅಲ್ಲಿಗೆ ಬಂದಕೂಡಲೆ ನನ್ನ ಕುತ್ತಿಗೆಯು ತಾನಾಗಿಯೇ ಎಡಕ್ಕೆ ಹೊರಳುವದು ತಪ್ಪಲಿಲ್ಲ.

ತಾಯಿಯ ಇನ್ನೊಂದು ಕೈಯನ್ನು ಹಿಡಿದುಕೊಂಡಿದ್ದ ನಮ್ಮಣ್ಣನು ಮಾತ್ರ ನಲವತ್ತರ ಹರೆಯದಲ್ಲಿ ಬಲಕ್ಕೆ ಹೊರಳಿದನು.

ಅವನು ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದನು. ಅವನ ಅಕ್ಷರಗಳು ಮುತ್ತು ಪೋಣಿಸಿದಂತೆ ಇರುತ್ತಿದ್ದವು. ಅವನು ಬಡಿದಾಡಲಿಲ್ಲ, ಬಯ್ದಾಡಲಿಲ್ಲ, ಬೀದಿಯಲ್ಲಿ ಬೀಳಲಿಲ್ಲ. ಸಂಜೆ ಏಳಕ್ಕೆ ಹೋಗುವದು, ಒಂಬತ್ತೂವರೆಗೆ ಬರುವದು, ತಟ್ಟೆಯನ್ನು ತಾನೇ ತೆಗೆದುಕೊಂಡು ಪಡಸಾಲೆಯ ಮೂಲೆಯಲ್ಲಿ ಉಣ್ಣುವದು: ಇಪ್ಪತ್ತೈದು ವರುಷ ಇದೇ ಕ್ರಮ. ನಾವೂ ಒಂದು ಕ್ರಮವನ್ನು ಮಾಡಿಕೊಂಡೆವು. ಅವನು ಬರುವದರೊಳಗಾಗಿ ನಮ್ಮೆಲ್ಲರ ಊಟವು ಮುಗಿದಿರುತ್ತಿತ್ತು, ಮಕ್ಕಳು ಮಲಗಿರುತ್ತಿದ್ದರು, ನಾನು ವೃತ್ತಪತ್ರವನ್ನು ಮುಖಕ್ಕೆ ಅಡ್ಡಹಿಡಿದುಕೊಂಡಿರುತ್ತಿದ್ದೆನು. ಆ ವಿಷಯವಾಗಿ ಮನೆಯಲ್ಲಿ ಯಾರೂ ಒಂದು ಮಾತನ್ನೂ ಆಡುತ್ತಿರಲಿಲ್ಲ. ಮರ್ಯಾದೆಯುಳ್ಳ ಮನೆತನಗಳಲ್ಲಿ ಮೌನಕ್ಕೆ ಸಹನೆಯೆಂದು ಹೆಸರಿಡುವ ರೂಢಿಯುಂಟಷ್ಟೆ.

ಕಳೆದ ಮಳೆಗಾಲದಲ್ಲಿ ಅಣ್ಣನು ತೀರಿಕೊಂಡನು. ಯಕೃತ್ತು ಕೆಟ್ಟಿತೆಂದು ವೈದ್ಯರು ಎರಡು ವರುಷ ಮೊದಲೇ ಹೇಳಿದ್ದರು. ಒಂಬತ್ತನೆಯ ದಿನ ಅವನ ಕಪಾಟಿನಲ್ಲಿ ಪಂಚಾಂಗದ ಕೆಳಗೆ ಒಂದು ಚಿಕ್ಕ ಟಿಪ್ಪಣಿಯ ಪುಸ್ತಕವು ಸಿಕ್ಕಿತು. ಕೊನೆಯ ಪುಟದಲ್ಲಿ ಆ ಮುತ್ತಿನಂಥ ಅಕ್ಷರಗಳಲ್ಲಿಯೇ ಹೀಗೆ ಬರೆದಿತ್ತು: ಹಾಲು, ಕೊಟ್ಟಿದೆ, ಔಷಧ, ಕೊಟ್ಟಿದೆ, ಅಂಗಡಿ, 340. ಯಾವ ಅಂಗಡಿಯೆಂದು ಯಾರೂ ಕೇಳಲಿಲ್ಲ. ಅತ್ತಿಗೆಯು, “ಸತ್ತವರ ಋಣ ಹನ್ನೆರಡನೆಯ ದಿನದೊಳಗೆ ತೀರಬೇಕು” ಎಂದಷ್ಟೇ ಅಂದಳು. ಬೆಂಗಳೂರಿನಿಂದ ಬಂದಿದ್ದ ಅವಳ ಮಗನು, “ಆ ಬಾಗಿಲನ್ನು ಮಾತ್ರ ನಾನು ಮೆಟ್ಟುವದಿಲ್ಲ” ಎಂದು ಎದ್ದುಹೋದನು. ಅವನನ್ನು ತಪ್ಪುಗಾರನೆನ್ನುವ ಹಕ್ಕು ನನಗಿರಲಿಲ್ಲ. ಅವನ ಬಾಲ್ಯದ ಸಂಜೆಗಳೆಲ್ಲ ಆ ಬಾಗಿಲಿಗೆ ಸಂದಿದ್ದವು. ಉಳಿದವನು ನಾನು.

ಹತ್ತನೆಯ ದಿನದ ಸಂಜೆ ಹೊರಟೆನು. ಮಳೆಯು ಧಾರಾಳವಾಗಿ ಸುರಿಯುತ್ತಿದ್ದುದು ನನ್ನ ಪುಣ್ಯವೆನ್ನಬೇಕು. ಕೊಡೆಯನ್ನು ಮೂಗಿನ ವರೆಗೆ ಇಳಿಸಿಕೊಂಡರೆ ಯಾರೂ ಸಂಶಯಪಡುವಂತಿರಲಿಲ್ಲ. ಆದರೂ ಆ ಬಾಗಿಲನ್ನು ಮೂರು ಸಲ ದಾಟಿ ಮುಂದೆ ಹೋದೆನು. ಮೊದಲನೆಯ ಸಲ ನಮ್ಮ ಓಣಿಯ ಹಾಲಿನವನು ಎದುರಾದನು. ಎರಡನೆಯ ಸಲ ಯಾರೂ ಎದುರಾಗಲಿಲ್ಲ. ಹಾಗೂ ಧೈರ್ಯವು ಸಾಲಲಿಲ್ಲ. ಮೂರನೆಯ ಸಲ ಒಳಗಿನಿಂದ ಹೊರಬಂದವನೊಬ್ಬನು ನನ್ನ ಹಳೆಯ ವಿದ್ಯಾರ್ಥಿಯು. “ನಮಸ್ಕಾರ್ರೀ ಮಾಸ್ತರ” ಎಂದು ಅವನು ನಿಸ್ಸಂಕೋಚವಾಗಿ ಕೈಮುಗಿದುದರಿಂದ ನಾನೇ ನಾಚಿ ಓಡಿದೆನು. ನಾಲ್ಕನೆಯ ಸಲ ಕೊಡೆಯನ್ನು ಮಡಚಿ ಒಳಹೊಕ್ಕೆನು.

ಅಂಗಡಿಯಲ್ಲಿ ಎರಡು ಕೋಣೆಗಳು. ಮುಂದಿನದರಲ್ಲಿ ಕಬ್ಬಿಣದ ಜಾಳಿಗೆಯ ಹಿಂದೆ ಶೀಶೆಗಳ ಸಾಲುಗಳಿದ್ದವು. ಮಧ್ಯದಲ್ಲಿ ಲಕ್ಷ್ಮಿಯ ಚಿತ್ರ, ಅದಕ್ಕೊಂದು ಚೆಂಡುಹೂವಿನ ಮಾಲೆ, ಉದುಬತ್ತಿ. ಹಣ ಎಣಿಸುವ ಮೇಜಿನ ಮೇಲ್ಗಡೆ, ಸಾಲ ಕೇಳಬಾರದೆಂಬ ಹಲಗೆ. ನಾನು ಅಲ್ಲಿಗೆ ಹೋದ ಕಾರಣವನ್ನು ನೆನೆದರೆ ಆ ಹಲಗೆಯು ಅಷ್ಟೊಂದು ನಿಷ್ಠುರವಾದುದಲ್ಲವೆಂದು ತೋರಿತು. ನೀಲಿ ಪರದೆಯ ಆಚೆಗೆ ಎರಡನೆಯ ಕೋಣೆ; ತಗಡು ಹೊಡೆದ ಆರು ಮೇಜುಗಳು, ಉದ್ದನ್ನ ಬಾಕುಗಳು, ಹಸಿರು ಬಣ್ಣದ ಗೋಡೆಗಳು. ಜನರ ಬೆನ್ನು ತಾಕುವಷ್ಟು ಎತ್ತರದಲ್ಲಿ ಆ ಬಣ್ಣವು ಸವೆದು ಹೊಳೆಯುತ್ತಿತ್ತು. ತೊಯ್ದ ಗೋಣಿಯ ವಾಸನೆ, ಹುರಿದ ಶೇಂಗಾದ ವಾಸನೆ, ನೆಲ ತೊಳೆದ ಫಿನಾಯಿಲಿನ ವಾಸನೆ, ಇವೆಲ್ಲವುಗಳ ಕೆಳಗೆ ಅಣ್ಣನ ಅಂಗಿಗೆ ರಾತ್ರಿಯಲ್ಲಿ ಬರುತ್ತಿದ್ದ ಆ ವಾಸನೆ.

ಅಂಗಡಿಯ ಯಜಮಾನನು ಹೊರಗೆ ಹೋಗಿದ್ದನು. ಕೂಡ್ರಬೇಕೆಂದು ಹುಡುಗನು ಹೇಳಿದನು. ಹಲ್ಲಿನ ವೈದ್ಯರಲ್ಲಿಗೆ ಹೋದವನು ಕೂಡ್ರುವಂತೆ ಬಾಕಿನ ತುದಿಯಲ್ಲಿ ಕುಳಿತೆನು. “ಏನ ಕೊಡ್ಲಿರೀ?” ಎಂದು ಹುಡುಗನು ಕೇಳಿದನು. “ಸೋಡಾ” ಎಂದೆನು. “ಬರೇ ಸೋಡಾ?” ಎಂದು ಅವನು ಅಚ್ಚರಿಯಿಂದ ಕೇಳಿದ್ದಕ್ಕೆ ಬಾಕಿನ ಮೇಲಿದ್ದ ನಾಲ್ಕೈದು ಜನರು ನನ್ನ ಕಡೆಗೆ ತಿರುಗಿ ನೋಡಿದರು, ನೋಡಿ, ಮರ್ಯಾದೆಯಿಂದ ಮುಖವನ್ನು ಬೇರೆ ಕಡೆಗೆ ಹೊರಳಿಸಿಕೊಂಡರು. ಇಷ್ಟು ವರುಷ ಪೇಟೆಯಲ್ಲಿ ನಾನು ಅವರಿಗೆ ಮಾಡುತ್ತ ಬಂದುದನ್ನೇ ಅವರು ಆ ಹೊತ್ತು ನನಗೆ ಮಾಡಿದರು. ಅವರದರಲ್ಲಿ ತಿರಸ್ಕಾರವಿರಲಿಲ್ಲ, ಇಷ್ಟೇ ಭೇದ.

ಸೆರೆಯಂಗಡಿಯೆಂದರೆ ಕೂಗಾಟ, ಜಗಳ, ಒಡೆದ ಶೀಶೆಗಳು ಎಂದು ನಾನು ಕಲ್ಪಿಸಿಕೊಂಡಿದ್ದೆನು. ಅಂಥದು ಅಲ್ಲಿ ಎಂದೂ ನಡೆಯುವದಿಲ್ಲವೆಂದು ನಾನು ಹೇಳಲಾರೆನು. ಆದರೆ ಆ ಸಂಜೆ ಕಂಡದ್ದು ಬೇರೆ. ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗಾಗಿ ಕಾದಿರುವ ಜನರಲ್ಲಿರುತ್ತದೆಯಲ್ಲ, ಅಂಥ ಒಂದು ಮೆಲುದನಿಯ ಸಂಭಾಷಣೆ. ಗದ್ದೆಯಲ್ಲಿ ಸಸಿ ನೆಟ್ಟು ಬಂದವರು, ಸಾಗುವಾನಿಯ ದಿಮ್ಮಿಗಳನ್ನು ಹೇರಿ ಬಂದವರು, ಲಾರಿಯ ಚಾಲಕನೊಬ್ಬ, ಹೆಗಲ ಮೇಲೆ ಕಂಬಳಿ ಹೊದ್ದ ಗೌಳಿ ಮುದುಕ, ಸಿದ್ದಿ ತರುಣರಿಬ್ಬರು, ಟಿಬೇಟಿಯ ವೃದ್ಧನೊಬ್ಬ. ಕನ್ನಡ, ಮರಾಠಿ, ಉರ್ದು, ಸಿದ್ದಿಗಳ ಕೊಂಕಣಿ, ಎಲ್ಲ ಭಾಷೆಗಳೂ ಒಂದೇ ಮೇಜಿನ ಮೇಲೆ ಓಡಾಡುತ್ತಿದ್ದವು. ನಮ್ಮ ಊರಿನ ಯಾವ ಮದುವೆಯ ಪಂಕ್ತಿಯಲ್ಲಿಯೂ, ಯಾವ ಸಭೆಯ ಮೊದಲನೆಯ ಸಾಲಿನಲ್ಲಿಯೂ ಇಷ್ಟು ಜಾತಿಯ ಜನರು ಮೊಣಕೈಗೆ ಮೊಣಕೈ ತಾಗಿಸಿ ಕುಳಿತುದನ್ನು ನಾನು ನೋಡಿಲ್ಲ. ಒಂದೇ ತಂಬಿಗೆಯ ನೀರನ್ನು ಎಲ್ಲರೂ ಬಗ್ಗಿಸಿಕೊಳ್ಳುತ್ತಿದ್ದರು.

ಒಂದು ಸಂಗತಿಯು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿತು. ಗೌಳಿ ಮುದುಕನು ಲೋಟವನ್ನೆತ್ತುವ ಮೊದಲು ಬೆರಳನ್ನು ಅದ್ದಿ ನೆಲಕ್ಕೆ ಎರಡು ಹನಿಗಳನ್ನು ಚಿಮುಕಿಸಿದನು. ಅದು ಭೂಮಿತಾಯಿಗೆ, ಹಿರಿಯರಿಗೆ. ಎದುರಿನಲ್ಲಿದ್ದ ಟಿಬೇಟಿಯ ವೃದ್ಧನು ಉಂಗುರದ ಬೆರಳನ್ನದ್ದಿ ಮೇಲಕ್ಕೆ ಮೂರು ಸಲ ಚಿಮುಕಿಸಿದನು. ಬುದ್ಧ, ಧರ್ಮ, ಸಂಘಗಳೆಂಬ ತ್ರಿರತ್ನಗಳಿಗೆ ಹಾಗೆ ಅರ್ಪಿಸುವದು ಅವರ ಪದ್ಧತಿ. ಒಬ್ಬರ ರೀತಿಯನ್ನು ಇನ್ನೊಬ್ಬರು ಕಲಿತುದಲ್ಲ. ಆದರೂ ಆ ಎರಡು ಬೆರಳುಗಳು ಒಂದೇ ಮಾತನ್ನು ಆಡಿದಂತೆ ನನಗೆ ತೋರಿತು.

ಟಿಬೇಟಿಯರ ಮಾತು ಬಂದಿತು. ಇಲ್ಲಿ ಒಂದೆರಡು ಮಾತು ಹೇಳಬೇಕು. 1966ರಲ್ಲಿ ಮೈಸೂರು ಸರಕಾರವು ಕೊಟ್ಟ ಕಾಡುನೆಲದಲ್ಲಿ ಅವರ ವಸತಿಯು ನಮ್ಮ ತಾಲೂಕಿನಲ್ಲಿ ನೆಲೆಗೊಂಡಿತು. ಗಾಂಡೆನ್, ಡ್ರೆಪುಂಗ್ ಎಂಬ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ಮದ್ಯವನ್ನು ಮುಟ್ಟಬಾರದೆಂಬದು ಬುದ್ಧನ ಪಂಚಶೀಲಗಳಲ್ಲಿ ಐದನೆಯದು. ಭಿಕ್ಷುಗಳಿಗೆ ಅದು ಕಟ್ಟುನಿಟ್ಟಾದ ನೇಮ. ಗೃಹಸ್ಥರ ಮನೆಗಳಲ್ಲಿಯೋ ಎಂದರೆ, ಲೋಸರ್ ಎಂಬ ಹೊಸ ವರುಷದ ಹಬ್ಬದಲ್ಲಿ ಧಾನ್ಯವನ್ನು ಹುಳಿಯಿಸಿ ಮಾಡಿದ ಛಾಂಗ್ ಎಂಬ ತೆಳುವಾದ ಪೇಯವನ್ನು ಮನೆಯೊಡತಿಯೇ ಬಟ್ಟಲಿಗೆ ಹಾಕಿ ಉಪಚರಿಸುತ್ತಾಳೆ. ಮಕ್ಕಳು ಎದುರಿಗಿರುತ್ತಾರೆ, ಅಜ್ಜಿಯರು ಹಾಡುತ್ತಾರೆ. ಅಲ್ಲಿ ಕುಡಿಯುವವನು ಮನೆಯೊಳಗೆ ಇರುತ್ತಾನೆ. ನಮ್ಮಲ್ಲಿ ಕುಡಿಯುವವನು ಮನೆಯಿಂದ ಹೊರಗಾಗುತ್ತಾನೆ. ಯಾವದು ಮೇಲೆಂದು ನಾನು ತೀರ್ಪು ಹೇಳುವದಿಲ್ಲ. ಆ ವೃದ್ಧನೂ ತನ್ನ ಮನೆಯನ್ನು ಬಿಟ್ಟು ಈ ತಗಡಿನ ಮೇಜಿಗೆ ಬಂದಿದ್ದನೆಂಬದನ್ನು ಮರೆಯಲಾಗದು.

ಸೋಡಾ ಮುಗಿಯಿತು, ಯಜಮಾನನು ಬರಲಿಲ್ಲ. ಮಾಸ್ತರಿಕೆ ಮಾಡಿದವನಿಗೆ ಸುಮ್ಮನೆ ಕೂಡ್ರುವದು ತಿಳಿಯದು. ಈ ಬಾಗಿಲಿನ ಚರಿತ್ರೆಯನ್ನು ಮನಸ್ಸಿನಲ್ಲಿಯೇ ಪಾಠ ಹೇಳಿಕೊಳ್ಳತೊಡಗಿದೆನು. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಿತು. 1878ರ ಮುಂಬಯಿ ಅಬಕಾರಿ ಕಾಯಿದೆಯಿಂದ ಬೈನೆಯ ಮರಕ್ಕೂ ಭಟ್ಟಿಯ ಮಡಕೆಗೂ ಸರಕಾರದ ಪರವಾನಗಿಯು ಅವಶ್ಯವಾಯಿತು. ಹಿತ್ತಿಲಿನ ಪೇಯವು ಗುತ್ತಿಗೆದಾರನ ಸರಕಾಯಿತು. ಸ್ವರಾಜ್ಯದ ಚಳವಳಿಯಲ್ಲಿ ಸೆರೆಯಂಗಡಿಗಳ ಮುಂದೆ ಸ್ವಯಂಸೇವಕರು ನಿಂತು ಕೈಮುಗಿದು ಬೇಡಿಕೊಂಡರು. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹವಾಯಿತು. ಅದರಲ್ಲಿ ಮುಂದಾಳಾದವರು ಎಸ್. ನಿಜಲಿಂಗಪ್ಪನವರು. 1950ರಿಂದ ಮುಂಬಯಿ ರಾಜ್ಯದಲ್ಲೆಲ್ಲ ಪೂರ್ಣ ಪಾನನಿರೋಧವು ಬಂದಿತು. ಬಾಗಿಲು ಮುಚ್ಚಿತು, ಕಾಡು ತೆರೆಯಿತು. ಕಳ್ಳಭಟ್ಟಿಯ ಹೊಗೆಯನ್ನು ಮರೆಮಾಡುವದಕ್ಕೆ ನಮ್ಮ ತಾಲೂಕಿನಲ್ಲಿ ಮರಗಳಿಗೇನು ಕೊರತೆ? 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1967ರಲ್ಲಿ ಆ ರಾಜ್ಯವು ಪಾನನಿರೋಧವನ್ನು ತೆಗೆದುಹಾಕಿದಾಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ನಾನು ಅಣಕವಾಗಿ ಹೇಳುತ್ತಿಲ್ಲ. ಕೊಡಲಿಯನ್ನು ಹಿಡಿಯುವದು ಬೇರೆ, ಬೊಕ್ಕಸವನ್ನು ಹಿಡಿಯುವದು ಬೇರೆ ಎಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಸಿಕ್ಕಲಾರದು.

ಆ ಮೇಲಿನದು ನನ್ನ ಕಣ್ಣೆದುರಿನದು. ಸಾರಾಯಿಯು ಪಿಪಾಯಿಯಿಂದ ಪ್ಲಾಸ್ಟಿಕಿನ ಚೀಲಕ್ಕೆ ಬಂದಿತು. ನಮ್ಮ ಗಟಾರುಗಳೆಲ್ಲ ಆ ಚೀಲಗಳಿಂದ ಕಟ್ಟಿಕೊಂಡವು. 2007ನೆಯ ಇಸವಿಯ ಜುಲೈ 1ರಿಂದ ಸಾರಾಯಿಯನ್ನು ಸರಕಾರವು ನಿಷೇಧಿಸಿತು. ಗಂಡಸರು ಕುಡಿಯುವದನ್ನು ಬಿಡಲಿಲ್ಲ. ಚೀಲವನ್ನು ಬಿಟ್ಟು ಶೀಶೆಗೆ ಬಂದರು, ಹೆಚ್ಚಿನ ಬೆಲೆಯನ್ನು ಕೊಟ್ಟರು. 2003ರಿಂದ ರಾಜ್ಯದಲ್ಲಿ ಮಾರುವ ಶೀಶೆಗಳೆಲ್ಲ ಸರಕಾರದ್ದೇ ಆದ ಪಾನೀಯ ನಿಗಮದ ಮೂಲಕ ಬರುತ್ತವೆ. 2023-24ರಲ್ಲಿ ಅಬಕಾರಿಯಿಂದ ರಾಜ್ಯಕ್ಕೆ ಬಂದುದು 30 ಸಾವಿರ ಕೋಟಿ ರೂಪಾಯಿಗಳಿಗೂ ಹೆಚ್ಚು. ನಮ್ಮ ಶಾಲೆಯ ಮಾಡಿನ ಹಂಚುಗಳಲ್ಲಿ, ನನ್ನ ನಿವೃತ್ತಿವೇತನದಲ್ಲಿ ಕೂಡ, ಈ ಬಾಕಿನ ಮೇಲೆ ಕುಳಿತವರ ಪಾಲಿದೆಯೆಂಬ ವಿಚಾರವು ನನಗೆ ಅಲ್ಲಿ ಕುಳಿತಾಗಲೇ ಹೊಳೆದದ್ದು. ನನ್ನ ಅಣ್ಣನು ಒಂದು ರೀತಿಯಿಂದ ನನ್ನನ್ನು ಸಾಕುತ್ತಿದ್ದನು.

ಶೀಶೆಯ ಗಣಿತವನ್ನೂ ಮಾಡಿ ನೋಡಿದೆನು. ಕ್ವಾರ್ಟರೆಂಬ ಆ ಚಿಕ್ಕ ಶೀಶೆಯಲ್ಲಿ 180 ಮಿಲಿಲೀಟರು. ನೂರಕ್ಕೆ 42.8ರಂತೆ ಅದರಲ್ಲಿ ಸುಮಾರು 77 ಮಿಲಿಲೀಟರು ಮದ್ಯಸಾರ. ತೂಕದಲ್ಲಿ ಸುಮಾರು 61 ಗ್ರಾಂ. ಮನುಷ್ಯನ ಯಕೃತ್ತು ಇದನ್ನು ಗಂಟೆಗೆ ಏಳರಿಂದ ಹತ್ತು ಗ್ರಾಮಿನಂತೆ ಮಾತ್ರ ಸುಡಬಲ್ಲದು. ಅಂದರೆ ಸಂಜೆ ಏಳಕ್ಕೆ ಕುಡಿದ ಒಂದು ಕ್ವಾರ್ಟರಿನ ಲೆಕ್ಕವನ್ನು ಚುಕ್ತಾ ಮಾಡುವದಕ್ಕೆ ಬೆಳಗಿನ ಝಾವದ ವರೆಗೆ ಅದು ದುಡಿಯಬೇಕು. ಇಪ್ಪತ್ತೈದು ವರುಷ, ಒಂದು ರಾತ್ರಿಯೂ ರಜೆಯಿಲ್ಲದೆ ದುಡಿದರೆ ಯಾವ ಆಳು ತಾನೆ ಬಾಳಿಯಾನು?

ಅಷ್ಟರಲ್ಲಿ ಯಜಮಾನನು ಬಂದನು. ಐವತ್ತರ ಗೃಹಸ್ಥನು, ಹಣೆಯ ಮೇಲೆ ವಿಭೂತಿ. ನಾನು ಬಾಯಿತೆರೆಯುವ ಮೊದಲೇ, “ನೀವು ರಾಯರ ತಮ್ಮ ಅಲ್ರೀ?” ಎಂದನು. ಹೌದೆಂದೆನು. ಸಂಗತಿಯನ್ನು ಹೇಳಿದೆನು. ಅವನು ಮೇಜಿನ ಖಾನೆಯಿಂದ ಒಂದು ವಹಿಯನ್ನು ತೆಗೆದು, ಪುಟವನ್ನು ಹುಡುಕಿ ನನಗೆ ತೋರಿಸಿದನು. 340 ಸರಿಯಾಗಿತ್ತು. ನಾನು 350 ಕೊಟ್ಟೆನು. ಹತ್ತು ರೂಪಾಯಿಗಳನ್ನು ಎಣಿಸಿ ಮರಳಿ ಕೊಟ್ಟನು. ಸಾಲಿನ ಮೇಲೆ ಒಂದು ಗೆರೆಯನ್ನು ಎಳೆದನು. ಬೇಡವೆನ್ನಲಿಲ್ಲ, ಅಳಲಿಲ್ಲ, ದೊಡ್ಡ ಮಾತುಗಳನ್ನಾಡಲಿಲ್ಲ. ಅದು ನನಗೆ ಒಳ್ಳೆಯದೆನಿಸಿತು.

ಹೊರಡಬೇಕೆಂದು ಎದ್ದೆನು. “ತಡೀರಿ” ಎಂದು ಅವನು ಅದೇ ಖಾನೆಯಿಂದ ಒಂದು ಕನ್ನಡಕವನ್ನು ತೆಗೆದುಕೊಟ್ಟನು. ಅಣ್ಣನದು, ಒಂದು ಕಡ್ಡಿಗೆ ದಾರ ಸುತ್ತಿದ್ದುದು. “ಇದು ಇಲ್ಲೇ ಇರ್ತಿತ್ತರೀ. ಮನಿದು ಬ್ಯಾರೆ, ಇಲ್ಲೀದು ಬ್ಯಾರೆ.” ಇಲ್ಲಿ ಕನ್ನಡಕಕ್ಕೇನು ಕೆಲಸವೆಂದು ಕೇಳಿದೆನು. ಅವನು ಮೂಲೆಯ ಮೇಜನ್ನು ತೋರಿಸಿದನು. ಉಳಿದ ಮೇಜುಗಳಿಗಿಲ್ಲದ ಒಂದು ದೀಪವು ಅದರ ಮೇಲೆ ತೂಗುತ್ತಿತ್ತು.

ಅರಣ್ಯ ಹಕ್ಕುಗಳ ಕಾಯಿದೆಯು 2006ರಲ್ಲಿ ಆಗಿ, 2008ರಿಂದ ಅದರ ನಿಯಮಗಳು ಜಾರಿಗೆ ಬಂದವಷ್ಟೆ. ಕಾಡಂಚಿನಲ್ಲಿ ಗೇಣು ನೆಲವನ್ನು ಉಳುತ್ತಿದ್ದವರೆಲ್ಲರೂ ಅರ್ಜಿ ಹಾಕಬೇಕಾಗಿತ್ತು. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದುದರಿಂದ ಅವರ ದಾರಿಯು ಒಂದಿಷ್ಟು ಸುಗಮವಾಗಿತ್ತು. ಗೌಳಿಗರು ಆ ಪಟ್ಟಿಯಲ್ಲಿರಲಿಲ್ಲ. ಅವರು ಮೂರು ತಲೆಮಾರು, ಅಂದರೆ 75 ವರುಷಗಳ ವಾಸ್ತವ್ಯಕ್ಕೆ ಪುರಾವೆ ಕೊಡಬೇಕಾಗಿತ್ತು. ಓದುಬರೆಹವಿಲ್ಲದ, ಎಮ್ಮೆಗಳ ಹಿಂದೆ ಕಾಡು ಅಲೆದ ಜನರು 75 ವರುಷಗಳ ಕಾಗದವನ್ನು ಎಲ್ಲಿಂದ ತರಬೇಕು? ಅವರು ತಂದುದು ಈ ಮೂಲೆಯ ಮೇಜಿಗೆ. ಅಜ್ಜನ ಗೋರಿ ಎಲ್ಲಿದೆ, ಯಾವ ಮಾವಿನ ಮರವನ್ನು ಯಾರು ನೆಟ್ಟರು, ಯಾವ ವರುಷದ ದಂಡದ ಪಾವತಿಯು ಬಿದಿರಿನ ಕೊಳವೆಯಲ್ಲಿ ಉಳಿದಿದೆ, ಇವನ್ನೆಲ್ಲ ಕೇಳಿ ಕೇಳಿ ಬರೆದುಕೊಡುತ್ತಿದ್ದವನು ನಮ್ಮಣ್ಣನು. “ಮೊದಲ ಬರಿಯೋದು, ಆಮ್ಯಾಲೆ ಕುಡಿಯೋದು. ಅದೊಂದು ನೇಮ ಇತ್ತರೀ ಅವ್ರದು” ಎಂದನು ಯಜಮಾನನು. ಕಂಬಳಿಯ ಮುದುಕನು ಇದನ್ನು ಕೇಳಿಸಿಕೊಂಡು ನನ್ನ ಕಡೆಗೆ ಕೈಯೆತ್ತಿದನು. ಎಷ್ಟು ಅರ್ಜಿಗಳು ಗೆದ್ದವೆಂದು ನಾನು ಕೇಳಲಿಲ್ಲ. “ಬರೆಸಿಕೊಂಡವರು ಏನು ಕೊಡುತ್ತಿದ್ದರು?” ಎಂದು ಕೇಳಿದೆನು. ಯಜಮಾನನು ಒಂದು ಕ್ಷಣ ತಡೆದು, “ರೊಕ್ಕ ಮುಟ್ಟತಿರಲಿಲ್ಲರೀ. ಒಂದ ಕ್ವಾರ್ಟರ್ ಕೊಡಸತಿದ್ರು” ಎಂದನು.

ಈ ಮಾತನ್ನು ನಾನು ಬಿಟ್ಟುಬಿಡಬಹುದಾಗಿತ್ತು. ಬಿಟ್ಟರೆ ಅಣ್ಣನು ದೊಡ್ಡವನಾಗುತ್ತಿದ್ದನು, ಪ್ರಬಂಧವೂ ಅಂದವಾಗುತ್ತಿತ್ತು. ಆದರೆ ಸತ್ಯವು ಹಾಗಿಲ್ಲ. ಅವನು ಮಾಡಿದ ಒಳ್ಳೆಯ ಕೆಲಸವೇ ಅವನ ವಿಷದ ಬೆಲೆಯನ್ನು ತೆತ್ತಿತು. ಆ ಬಡವರೂ ಕೃತಜ್ಞತೆಯಿಂದಲೇ ಅವನನ್ನು ಕೊಂದುದರಲ್ಲಿ ಪಾಲುಗಾರರಾದರು. ಅಡಕೆಯ ಮರ ಹತ್ತಿದವನಿಗೆ, ಬಾವಿ ತೋಡಿದವನಿಗೆ, ಕೂಲಿಯ ಮೇಲೆ ಒಂದು ಶೀಶೆಗೆಂದು ದುಡ್ಡು ಕೊಡುವ ರೂಢಿಯು ನಮ್ಮಂಥ ಕುಡಿಯದ ಮನೆಗಳಲ್ಲಿಯೂ ಉಂಟು. ನಾನೂ ಕೊಟ್ಟಿದ್ದೇನೆ. ಅದನ್ನು ಔದಾರ್ಯವೆಂದು ತಿಳಿದಿದ್ದೇನೆ.

ಕನ್ನಡಕವನ್ನು ಕಿಸೆಯಲ್ಲಿಟ್ಟುಕೊಂಡು ಹೊರಬಂದೆನು. ಮಳೆಯು ನಿಂತಿತ್ತು. ರಸ್ತೆಯ ಆಚೆಗೆ, ಹಿಂದೆ ಬಳೆಯಂಗಡಿಯಿದ್ದ ಸ್ಥಳದಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳ ಕಂಕುಳಲ್ಲಿ ಕೂಸು ನಿದ್ದೆ ಹೋಗಿತ್ತು. ಕೂಲಿಯ ದುಡ್ಡು ಪೂರ್ತಿ ಕರಗುವ ಮೊದಲು ಗಂಡನು ಹೊರಗೆ ಬಂದಾನೆಂದು ಕಾಯುತ್ತಿದ್ದರು. ಒಳಗಿನ ಆ ಸಮಾನತೆಯಲ್ಲಿ, ಆ ಒಂದೇ ತಂಬಿಗೆಯ ನೀರಿನಲ್ಲಿ, ಇವರಿಗೆ ಸ್ಥಳವಿರಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧವಾಗಲೆಂದು ಸಾವಿರಾರು ಬಡ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ವರೆಗೆ ಕಾಲ್ನಡಿಗೆಯಲ್ಲಿ ಹೋದರೆಂದು ನಾನು ವೃತ್ತಪತ್ರದಲ್ಲಿ ಓದಿದ್ದೆನು. ಅಣ್ಣನು ಬಾಗಿಲು ತೆರೆದು ಬಂದಾಗ ಮುಖಕ್ಕೆ ಅಡ್ಡಹಿಡಿಯುತ್ತಿದ್ದ ಅದೇ ವೃತ್ತಪತ್ರದಲ್ಲಿ. ಅವರ ಕಾಲುಗಳು ಯಾಕೆ ಅಷ್ಟು ದೂರ ನಡೆದವೆಂಬದು ಈ ಇಬ್ಬರನ್ನು ನೋಡಿದಾಗ ತಿಳಿಯಿತು.

ಮನೆಗೆ ಮುನ್ನೂರು ಹೆಜ್ಜೆಗಳೇ ಆದರೂ ಆ ರಾತ್ರಿ ನನಗೆ ಬಹಳ ಹೊತ್ತು ಹಿಡಿಯಿತು. ನನಗೆ ನೆನಪಾದುದು 2020ನೆಯ ಇಸವಿ. ಮಾರ್ಚ್ ತಿಂಗಳ ಕೊನೆಯಲ್ಲಿ ಸಾಂಕ್ರಾಮಿಕ ರೋಗದ ಸಲುವಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು; ಸೆರೆಯಂಗಡಿಯೂ ಮುಚ್ಚಿತು. ಸುಮಾರು ನಲವತ್ತು ದಿನ ಅಣ್ಣನು ಒಂದು ಹನಿಯನ್ನೂ ಮುಟ್ಟಲಿಲ್ಲ. ಮೊದಲನೆಯ ವಾರ ಕೈ ನಡುಗುತ್ತಿತ್ತು, ಬೆವರುತ್ತಿತ್ತು. ಆ ಮೇಲೆ ಸಾವಕಾಶವಾಗಿ ಮುಖಕ್ಕೆ ಕಳೆ ಬಂದಿತು. ಸಂಜೆ ಏಳಾಯಿತೆಂದರೆ ಜಗಲಿಯ ಮೇಲೆ ಬಂದು ಕುಳಿತುಕೊಳ್ಳುವನು. ಒಂದು ದಿನ ನನ್ನನ್ನು ಕರೆದು, “ಇಲ್ಲಿ ಕೂಡ್ರು ಬಾ, ಸುಮ್ಮನೆ” ಎಂದನು. ನಾನು ಕೂಡ್ರಲಿಲ್ಲ. ಅವನಿಗೆ ಒಂದು ಪುಸ್ತಕವನ್ನು ತಂದುಕೊಟ್ಟೆನು. ದುಶ್ಚಟಗಳಿಂದ ಬಿಡುಗಡೆ ಹೊಂದುವ ವಿಷಯದ್ದು. ಅವನು ಅದನ್ನು ತೆರೆದು ನೋಡಿ, ಮುಚ್ಚಿ, ಮೊಣಕಾಲ ಮೇಲೆ ಇಟ್ಟುಕೊಂಡನು. ಮೇ 4ರಂದು ಅಂಗಡಿಗಳು ತೆರೆದವು. ಸುಣ್ಣದಿಂದ ಬರೆದ ವರ್ತುಲಗಳಲ್ಲಿ ಜನರು ಸಾಲಾಗಿ ನಿಂತಿದ್ದರು. ಅವರಲ್ಲಿ ಅವನಿದ್ದನು, ನಾನು ನೋಡಿದೆನು, ಅವನೂ ನೋಡಿದನು. ನನ್ನ ಕುತ್ತಿಗೆಯು ಎಡಕ್ಕೆ ಹೊರಳಿತು.

ನಾನು ಜಗಲಿಯ ಮೇಲೆ ಕುಳಿತಿದ್ದರೆ ಅವನು ಬದುಕುತ್ತಿದ್ದನೆಂದು ಹೇಳಲಾರೆನು. ಅದು ಅಷ್ಟು ಸುಲಭವಾದ ರೋಗವಲ್ಲ. ಆದರೆ ನಲವತ್ತು ಸಂಜೆಗಳಲ್ಲಿ ಒಂದನ್ನಾದರೂ ಅವನು ನನ್ನಿಂದ ಕೇಳಿದ್ದನು, ನಾನು ಕೊಡಲಿಲ್ಲ. 340 ರೂಪಾಯಿಗಳ ಬಾಕಿಯು ತೀರಿತು. ಇದು ಹಾಗೆಯೇ ಉಳಿಯಿತು.

ಮನೆಗೆ ಬಂದು ಕನ್ನಡಕವನ್ನು ಅತ್ತಿಗೆಯ ಕೈಯಲ್ಲಿಟ್ಟೆನು. ಅರ್ಜಿಗಳ ಸಂಗತಿಯನ್ನು ಹೇಳಿದೆನು. ಆಕೆಯು ಚಕಿತಳಾಗುವಳೆಂದು ತಿಳಿದಿದ್ದೆನು. ದಾರ ಸುತ್ತಿದ ಕಡ್ಡಿಯನ್ನು ಬೆರಳಿನಿಂದ ಸವರುತ್ತ, “ಈ ದಾರ ನಾನೇ ಸುತ್ತಿದ್ದು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಆ ಮೂಲೆಯಲ್ಲಿ ದೀಪವಿದೆಯೇ? ಬೆಳಕು ಸಾಲದೆಂದು ಅನ್ನುತ್ತಿದ್ದರು” ಎಂದು ಕೇಳಿದಳು. ಇದೆಯೆಂದೆನು. ಮಳೆಯ ರಾತ್ರಿಗಳಲ್ಲಿ ಆಕೆಯು ನೆರೆಮನೆಯ ಹುಡುಗನ ಕೈಯಲ್ಲಿ ಅಲ್ಲಿಗೆ ಕೊಡೆಯನ್ನು ಕಳಿಸುತ್ತಿದ್ದಳೆಂಬದು ಆಗ ಗೊತ್ತಾಯಿತು. ಹಾಗೆಂದು ಆಕೆಯು ಅವನನ್ನು ಕ್ಷಮಿಸಿದ್ದಳೆಂದು ನಾನು ತಿಳಿಯುವದಿಲ್ಲ. “ಊರಿಗೆಲ್ಲ ಅರ್ಜಿ ಬರೆದರು, ಮಗನಿಗೆ ಒಂದು ಪತ್ರ ಬರೆಯಲಿಲ್ಲ” ಎಂದು ಆ ಕನ್ನಡಕವನ್ನು ಪಂಚಾಂಗದ ಮೇಲೆ ಇಟ್ಟು ಒಳಗೆ ಹೋದಳು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನಿದ್ದನು. ಹೆಂಡ ಮಾರುವದೇ ಅವನ ಕಾಯಕ; ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ಬರೆದನು. ಅನುಭವದ ಗೋಷ್ಠಿಯು ಅವನನ್ನು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ನಮ್ಮ ಶತಮಾನಕ್ಕೆ ಹತ್ತಿರದಲ್ಲಿ ಜಿ. ಪಿ. ರಾಜರತ್ನಂ ಅವರು ತಾವು ಕುಡಿಯದವರಾಗಿಯೂ ಕುಡುಕ ರತ್ನನ ಬಾಯಿಂದ ಹಾಡಿದರು. ನಮ್ಮ ಮನೆಗಳಲ್ಲಿ ಮಕ್ಕಳೂ ಆ ಪದಗಳನ್ನು ಹಾಡಿ ಬಹುಮಾನಗಳನ್ನು ಗಳಿಸಿದರು. ಪುಸ್ತಕದೊಳಗಿನ ರತ್ನನಿಗೆ ನಮ್ಮ ಪಡಸಾಲೆಯಲ್ಲಿ ಮಣೆ ಹಾಕಿದೆವು. ಒಂಬತ್ತೂವರೆಗೆ ಬಾಗಿಲು ತಟ್ಟುವ ರತ್ನನಿಗೆ ಮೂಲೆಯನ್ನು ತೋರಿಸಿದೆವು.

ಸೆರೆಯಂಗಡಿಯನ್ನು ಹೊಗಳುವದಕ್ಕೆ ನಾನು ಇದನ್ನು ಬರೆಯಲಿಲ್ಲ. ಅಲ್ಲಿ ಕರಗುವ ಕೂಲಿಯನ್ನು, ಯಕೃತ್ತನ್ನು, ಕಾದು ನಿಂತ ಹೆಂಗಸರನ್ನು ನೋಡಿಯೂ ಹೊಗಳುವವನು ಮೂರ್ಖನು. ಆದರೆ ಅಲ್ಲಿ ಮಾರಾಟಕ್ಕಿರುವದು ಶೀಶೆಯೊಂದೇ ಅಲ್ಲವೆಂಬದನ್ನು ಕಂಡುಬಂದೆನು. “ಯಾಕೆ ಬಂದೆ, ಎಲ್ಲಿಗೆ ಹೋಗುವೆ” ಎಂದು ಕೇಳದ ಒಂದು ಬಾಕು, ಒಂದು ತಂಬಿಗೆ ನೀರು, ಎದುರಿಗೊಬ್ಬ ಮನುಷ್ಯ, ಇಷ್ಟನ್ನು ಶೀಶೆಯ ಜೊತೆಗೆ ಪುಕ್ಕಟೆಯಾಗಿ ಕೊಡುತ್ತಾರೆ. ಹಿಂದೆ ಇವನ್ನು ನಮ್ಮ ಜಗಲಿಗಳು ಶೀಶೆಯಿಲ್ಲದೆಯೇ ಕೊಡುತ್ತಿದ್ದವು. ಜಗಲಿಗಳು ಈಗಲೂ ಇವೆ. ಅವುಗಳ ಮೇಲೆ ಚಪ್ಪಲಿಗಳನ್ನು ಇಡುತ್ತೇವೆ.

ನಾನು ನಮ್ಮ ಜಗಲಿಯನ್ನು ಗುಡಿಸಿ ಒಂದು ಚಾಪೆಯನ್ನು ಹಾಸಿದ್ದೇನೆ. ಸಂಜೆ ಏಳಕ್ಕೆ ಅಲ್ಲಿ ಕೂಡ್ರುತ್ತೇನೆ. ಮೊದಲನೆಯ ಕೆಲವು ದಿನ ಯಾರೂ ಬರಲಿಲ್ಲ. ಕಳೆದ ವಾರ ಆ ಕಂಬಳಿಯ ಗೌಳಿ ಮುದುಕನು ಒಂದು ಕಾಗದವನ್ನು ಹಿಡಿದುಕೊಂಡು ಬಂದನು. ನನ್ನ ಅಕ್ಷರಗಳು ಅಣ್ಣನವುಗಳಂತೆ ಇಲ್ಲ. ಆದರೂ ಓದಲಿಕ್ಕೆ ಬರುತ್ತವೆ. ಬರೆದುಕೊಟ್ಟು, ಒಳಗಿನಿಂದ ಚಹಾ ತರಿಸಿದೆನು. ಕುಡಿಯುವ ಮೊದಲು ಮುದುಕನು ಬೆರಳನ್ನು ಅದರಲ್ಲಿ ಅದ್ದಿ ನೆಲಕ್ಕೆ ಎರಡು ಹನಿಗಳನ್ನು ಚಿಮುಕಿಸಿದನು. ಚಹಾ ಮುಗಿದ ಮೇಲೆ ಎದ್ದು, ಕೈಮುಗಿದು, ಪೇಟೆಯ ಕಡೆಗೆ ನಡೆದನು. ಅವನು ಎಲ್ಲಿಗೆ ಹೊರಟನೆಂಬದು ನನಗೆ ಗೊತ್ತಿತ್ತು. ನಾನು ಅವನನ್ನೇ ನೋಡುತ್ತ ಕುಳಿತಿದ್ದೆನು.